ಬರದ ಸೀಮೆಗೆ ನೆರವು ಬರುವ ಹೊತ್ತು



ವಿಜಯಪುರದಲ್ಲಿ ನಿಂತು ಬರದ ಬಗ್ಗೆ ಉಪನ್ಯಾಸ ಕೊಡುವವರಿಗೆ ಒಂದು ಸಂಕೋಚ ಸಹಜ. ಈ ಸಭಾಂಗಣದ ಹಿರಿಯರಲ್ಲಿ ಹಲವರು 1972ರ ಬರದಲ್ಲಿ ಕಲ್ಲು ಒಡೆಯುವ ಕಾಮಗಾರಿ ಕಂಡವರು. ಕಿರಿಯರು ಟ್ಯಾಂಕರಿನ ಪೈಪಿನ ಮುಂದೆ ಕೊಡ ಹಿಡಿದು ನಿಂತವರು. ಬರ ಹೇಗಿರುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಇಂದಿನ ಮಾತಿನ ವಿಷಯ ಬರವಲ್ಲ, ಬರಕ್ಕೆ ಬಂದ ನೆರವು. ಸರ್ಕಾರದ್ದು, ಸಂಘ ಸಂಸ್ಥೆಗಳದ್ದು, ನೆರೆಯವರದ್ದು. ಅದು ಹೇಗೆ ಬಂತು, ಯಾರಿಗೆ ಮುಟ್ಟಿತು, ಯಾವಾಗ ಮುಟ್ಟಿತು, ಜಗಳಗಳು ಎದ್ದಾಗ ಏನಾಯಿತು.

ಮಾತಿಗೆ ಒಂದು ಎಲ್ಲೆ ಹಾಕಿಕೊಳ್ಳುವುದು ಒಳ್ಳೆಯದು. ಮೊದಲಿಗೆ ಈ ನೆಲದಲ್ಲಿ ಬರ ಒಂದು ಮನೆಯೊಳಗೆ ಹೇಗೆ ನಡೆದು ಬರುತ್ತದೆ ಎಂಬುದನ್ನು ನೋಡೋಣ. ಅನಂತರ 1876ರ ಮಹಾಕ್ಷಾಮದ ನೆರವು, ಅಲ್ಲಿಂದ 2023ರ ಬರಕ್ಕೆ ಬಂದ ಪರಿಹಾರ. ಕೊನೆಗೆ ಬರವೂ ಕಲಹವೂ ಕೂಡಿ ಬಂದ ಸಂದರ್ಭ: ಹಳೆಯ ಕಾಲದ ಮುತ್ತಿಗೆ, ದೂರದ ಸೊಮಾಲಿಯಾ, ಪಕ್ಕದ ಜತ್ತ ತಾಲ್ಲೂಕು. ಈ ಎಲ್ಲದರ ನಡುವೆ ಒಂದೇ ಅಭಿಪ್ರಾಯವನ್ನು ಈ ಉಪನ್ಯಾಸ ಮುಂದಿಡುತ್ತದೆ. ರೈತ ಎತ್ತು ಮಾರುವ ಮುಂಚೆ ಬಂದ ನೆರವು ಮನೆಯನ್ನು ಉಳಿಸುತ್ತದೆ. ಎತ್ತು ಮಾರಿದ ಮೇಲೆ ಬಂದದ್ದು ಹೆಚ್ಚೆಂದರೆ ಜೀವ ಉಳಿಸುತ್ತದೆ. ಈ ಎರಡರ ನಡುವಿನ ಅಂತರವನ್ನು ನಮ್ಮ ಆಡಳಿತ ಇನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲ.

ಈ ಸೀಮೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಉತ್ತರಿ, ಹಸ್ತ ಮಳೆ ಹದವಾಗಿ ಬಿದ್ದರೆ ಎರಿ ಹೊಲ ಆ ಹಸಿಯನ್ನು ಹೊಟ್ಟೆಯಲ್ಲಿ ಹಿಡಿದುಕೊಂಡು ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಚಳಿಗಾಲದುದ್ದಕ್ಕೂ ಸಾಕುತ್ತದೆ. "ಡೋಣಿ ಹರಿದರೆ ಓಣೆಲ್ಲ ಜೋಳ" ಎಂಬ ಗಾದೆ ಹುಟ್ಟಿದ್ದು ಇಂಥ ವರ್ಷಗಳಲ್ಲಿ. ಡೋಣಿ ನದಿ ಹುಟ್ಟುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ. ಅಲ್ಲಿಂದ ಈ ಕಡೆ ಇಳಿದು, ಸಾರವಾಡದಂಥ ಊರುಗಳನ್ನು ಹಾಯ್ದು, ತಾಳಿಕೋಟಿಯ ದಿಕ್ಕಿಗೆ ಹರಿದು ಕೃಷ್ಣೆ ಸೇರುತ್ತದೆ. ಮೇಲಿನ ಊರಿನ ಮಳೆ ಕೆಳಗಿನ ಊರಿನ ಜೋಳ. ಈ ಮಾತನ್ನು ಸಭಿಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಜತ್ತದ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಬರ ಒಂದೇ ದಿನದಲ್ಲಿ ಬರುವುದಿಲ್ಲ. ನೆರೆಯಾದರೆ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಮನೆ ಕೆಡವುತ್ತದೆ, ಮರುದಿನ ಮಂತ್ರಿಗಳೂ ಕ್ಯಾಮೆರಾಗಳೂ ಬರುತ್ತವೆ. ಬರಕ್ಕೆ ಅಂಥ ಒಂದು ಬೆಳಗು ಇಲ್ಲ. ಹಸ್ತ ಮಳೆ ಕೈಕೊಟ್ಟಿತೆಂದರೆ ಮೊದಲು ಏರುವುದು ಕಣಿಕಿಯ, ಅಂದರೆ ಜೋಳದ ಒಣಮೇವಿನ, ಬೆಲೆ. ಮನೆಯವರು ಮೊದಲು ಆಡು, ಕುರಿ ಮಾರುತ್ತಾರೆ. ಬಳಿಕ ಹಾಲು ಬತ್ತಿದ ಎಮ್ಮೆ. ಹೆಂಗಸರ ಕೊರಳಿನದು ಸೊಸೈಟಿಗೋ ಸಾಹುಕಾರನಿಗೋ ಒತ್ತೆ ಹೋಗುತ್ತದೆ. ಆಮೇಲೆ ಎತ್ತಿನ ಜೋಡಿ. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಎತ್ತಿನ ಬೆಲೆ ಬೀಳುತ್ತದೆ, ಅದೇ ಹೊತ್ತಿಗೆ ಜೋಳದ ಬೆಲೆ ಏರಿರುತ್ತದೆ. ಹಿಂದಿನ ವರ್ಷ ಒಂದು ಜೋಡಿ ಎತ್ತು ಎಷ್ಟು ಚೀಲ ಜೋಳಕ್ಕೆ ಸಮವಾಗಿತ್ತೋ, ಬರದ ಜನವರಿಯಲ್ಲಿ ಅದರ ಅರ್ಧಕ್ಕೂ ಆಗದೆ ಹೋಗಬಹುದು. ಅಮರ್ತ್ಯ ಸೇನ್ 1981ರಲ್ಲಿ ಕ್ಷಾಮಗಳ ಕುರಿತು ಬರೆದ ಪುಸ್ತಕದಲ್ಲಿ ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ: ಧಾನ್ಯ ಇಲ್ಲದೆ ಸಾಯುವವರಿಗಿಂತ, ಧಾನ್ಯ ಕೊಳ್ಳುವ ಶಕ್ತಿ ಕಳೆದುಕೊಂಡು ಸಾಯುವವರೇ ಹೆಚ್ಚು.

ಎತ್ತು ಹೋದ ಮೇಲೆ ಉಳಿಯುವುದು ಗುಳೆ. ತಾಂಡಾಗಳಿಂದ ಗೋವಾಕ್ಕೆ, ಕೊಲ್ಲಾಪುರ ಸಾಂಗ್ಲಿಯ ಕಬ್ಬಿನ ಫಡಗಳಿಗೆ, ಪುಣೆ ಮುಂಬಯಿಯ ಕಟ್ಟಡಗಳಿಗೆ, ಮಂಗಳೂರಿಗೆ. ಆಡು ಮಾರಿದವರು ಮುಂದಿನ ವರ್ಷ ಆಡು ಕೊಂಡಾರು. ಎತ್ತು ಮಾರಿ ಗುಳೆ ಹೋದವರು ಮರುವರ್ಷ ಮಳೆ ಬಂದರೂ ಬಿತ್ತಲಾರರು. ನೆರವು ಯಾವ ಮೆಟ್ಟಿಲಲ್ಲಿ ಬಂದು ಆ ಮನೆಯ ಕೈ ಹಿಡಿಯಿತು ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ.

ಇನ್ನು ಇತಿಹಾಸದ ಕಡೆಗೆ ತಿರುಗೋಣ.

ಈ ಜಿಲ್ಲೆಯ ನೆನಪಿನಲ್ಲಿ ಬರಗಳಿಗೆ ಹೆಸರುಗಳಿವೆ. 1791-92ರದು ಡೋಗಿ ಬರ. ಹೂಳುವವರಿಲ್ಲದೆ ಬಯಲಲ್ಲಿ ತಲೆಬುರುಡೆಗಳು ಉಳಿದ ಬರ. ಅದರ ಲೆಕ್ಕ ಯಾರೂ ಇಟ್ಟಿಲ್ಲ. ಲೆಕ್ಕ ಸಿಗುವುದು 1876ರಿಂದ 78ರವರೆಗಿನ ಮಹಾಕ್ಷಾಮಕ್ಕೆ. ಆಗ ಇದು ಮುಂಬಯಿ ಆಧಿಪತ್ಯದ ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ 8,16,273 ಜನ. 1881ರಲ್ಲಿ 6,38,493. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಂಬತ್ತು ವರ್ಷಗಳಲ್ಲಿ ಕಾಣೆಯಾಗಿದ್ದರು. ಎಲ್ಲರೂ ಸತ್ತವರಲ್ಲ, ನೆರೆ ಸೀಮೆಗಳಿಗೆ ಹೋಗಿ ಮರಳದವರೂ ಇದ್ದಾರೆ. ಆದರೆ ಊರಿನ ಪಾಲಿಗೆ ಎರಡೂ ಒಂದೇ: ಹೊಲ ಬೀಳು, ಮನೆಗೆ ಬೀಗ.

ಆಗ ನೆರವು ಇರಲಿಲ್ಲವೇ? ಇತ್ತು. ಕೆರೆ, ರಸ್ತೆಗಳ ಕಾಮಗಾರಿ ತೆರೆದರು. ಕೂಲಿ ಕೊಟ್ಟರು. ಆದರೆ ಕಲ್ಕತ್ತೆಯ ಸರ್ಕಾರವನ್ನು ಕಾಡುತ್ತಿದ್ದ ಚಿಂತೆ ಖರ್ಚಿನದು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಸರ್ ರಿಚರ್ಡ್ ಟೆಂಪಲ್ ಅವರನ್ನು ದಕ್ಷಿಣಕ್ಕೆ ಕಳುಹಿಸಿದ. ಟೆಂಪಲ್ ಕೂಲಿಯನ್ನು ಇಳಿಸಿದರು: ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಸ್ವಲ್ಪ ಪುಡಿಗಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಬಿಸಿಲಲ್ಲಿ ದಿನವಿಡೀ ಕಲ್ಲು ಹೊತ್ತವನಿಗೆ ಸಿಗುವ ಅಷ್ಟೂ ಅನ್ನ ಅದೇ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮುಂಬಯಿ ಆಧಿಪತ್ಯದಲ್ಲಿ ಸಾವಿರಾರು ಜನ ಕಾಮಗಾರಿಗಳನ್ನು ಬಿಟ್ಟು ಎದ್ದುಹೋದರು. ಹಸಿದವರು ನೆರವನ್ನೇ ಧಿಕ್ಕರಿಸಿ ಮುಷ್ಕರ ಹೂಡಿದ ಈ ಘಟನೆಯನ್ನು ಪುಣೆಯ ಸಾರ್ವಜನಿಕ ಸಭೆ ಎಂಬ ನಾಗರಿಕರ ಸಂಘ ಅಂಕಿಅಂಶ ಸಮೇತ ಸರ್ಕಾರಕ್ಕೆ ಬರೆದು ತಿಳಿಸಿತು. ನಾಗರಿಕರೇ ಊರೂರಿನಿಂದ ವರದಿ ತರಿಸಿ ಆಳುವವರನ್ನು ಪ್ರಶ್ನಿಸಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಅಂಥ ವರದಿಗಾರಿಕೆಯೂ ನೆರವಿನ ಒಂದು ಭಾಗವೇ ಎಂದು ಒಪ್ಪಬೇಕು.

1880ರ ಕ್ಷಾಮ ಆಯೋಗ ಇದೆಲ್ಲವನ್ನೂ ವಿಚಾರಿಸಿತು. ಅದರಿಂದ 1883ರಲ್ಲಿ ಕ್ಷಾಮ ಸಂಹಿತೆ ಬಂತು. ಬರದ ಲಕ್ಷಣ ಗುರುತಿಸು, ಕಾಮಗಾರಿ ತೆರೆ, ದುಡಿಯಲಾಗದವರಿಗೆ ಪುಕ್ಕಟೆ ಊಟ ಕೊಡು ಎಂಬ ಮೂರು ಹೆಜ್ಜೆಗಳನ್ನು ಅದು ಗೊತ್ತುಮಾಡಿತು. ಇಂದಿನ ನಮ್ಮ ಬರ ಕೈಪಿಡಿಗಳ ಬೆನ್ನೆಲುಬು ಈಗಲೂ ಅದೇ. ಹೊಟಗಿಯಿಂದ ಗದಗಿಗೆ 1884ರಲ್ಲಿ ಶುರುವಾದ ರೈಲು ದಾರಿ ಹುಟ್ಟಿದ್ದೂ ಈ ಕ್ಷಾಮದ ಪಾಠದಿಂದಲೇ. ಬರದ ಸೀಮೆಗೆ ಧಾನ್ಯ ಬೇಗ ಮುಟ್ಟಲಿ ಎಂದು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು, ಆದಿಲಶಾಹಿ ಕಟ್ಟಡಗಳಲ್ಲಿ ಕಚೇರಿಗಳು ಕೂತವು. ಗೋಲಗುಮ್ಮಟ ನೋಡಲು ರೈಲಿಳಿಯುವ ಪ್ರವಾಸಿಗರಿಗೆ ತಾವು ಬಂದದ್ದು ಕ್ಷಾಮದ ದಾರಿಯಲ್ಲಿ ಎಂಬುದು ತಿಳಿದಿರಲಾರದು.

ಇಪ್ಪತ್ತನೆಯ ಶತಮಾನದಲ್ಲಿ ನೆರವಿನ ರೀತಿ ನಿಧಾನವಾಗಿ ಬದಲಾಯಿತು. ಎರಡು ಉದಾಹರಣೆ ಸಾಕು. ಮೊದಲನೆಯದು ಒಡ್ಡು. 1940ರ ದಶಕದ ಆರಂಭದ ಬರದ ಕಾಲದಲ್ಲಿ ಮುಂಬಯಿ ಸರ್ಕಾರ 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ಬಲದಿಂದ ಹೊಲಗಳಿಗೆ ಸಮಪಾತಳಿ ಒಡ್ಡು ಹಾಕಿಸುವ ಕೆಲಸವನ್ನು ಈ ಭಾಗದಲ್ಲಿ ದೊಡ್ಡದಾಗಿ ಕೈಗೊಂಡಿತು. ಹಸಿದವನ ಕೈಗೆ ಅಂದಿನ ಕೂಲಿ, ಹೊಲಕ್ಕೆ ಮುಂದಿನ ಮಳೆಯ ಹಸಿ. ಯಾರೂ ನಡೆಯದ ರಸ್ತೆಗೆ ಜಲ್ಲಿ ಒಡೆಸುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದು ಸಾಲ. ಬರದಲ್ಲಿ ಮನೆ ಮುರಿಯುವುದು ಹಸಿವಿನಷ್ಟೇ ಸಾಹುಕಾರನ ಬಡ್ಡಿಯಿಂದ. ವಚನಗಳ ಸಂಪಾದಕರೆಂದು ನಾಡು ನೆನೆಯುವ ಫ.ಗು. ಹಳಕಟ್ಟಿಯವರು ಈ ಊರಿನ ವಕೀಲರು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆ ಕಟ್ಟುವಲ್ಲಿ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಸ್ಥಾಪಿಸುವಲ್ಲಿ ಮುಂದೆ ನಿಂತವರು ಅವರೇ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ದಾಸೋಹಕ್ಕೆ ಎಂದೂ ಕೊರತೆಯಿಲ್ಲ. ಮಠದ ಪ್ರಸಾದ ಬರದ ವರ್ಷಗಳಲ್ಲಿ ಎಷ್ಟೋ ಜೀವ ಹಿಡಿದಿದೆ. ಆದರೆ ಹಳಕಟ್ಟಿಯವರಂಥವರು ಅದಕ್ಕೆ ಇನ್ನೊಂದನ್ನು ಸೇರಿಸಿದರು: ಹೊತ್ತಿಗೆ ಸಿಗುವ, ತಲೆತಗ್ಗಿಸದೆ ಪಡೆಯಬಹುದಾದ ಸಾಲ. ಸಹಕಾರಿ ಸಂಘವನ್ನು ಬರ ಪರಿಹಾರದ ಸಂಸ್ಥೆಯೆಂದು ಯಾರೂ ಕರೆಯುವುದಿಲ್ಲ, ಕರೆಯಬೇಕು.

ಈಗ ಇತ್ತೀಚಿನ ಬರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ.

ಬರ ಬರುತ್ತಿದೆ ಎಂದು ತಿಳಿಯುವುದರಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಬೆಂಗಳೂರಿನಲ್ಲಿ 1988ರಲ್ಲೇ ಬರ ಉಸ್ತುವಾರಿ ಕೋಶ ಶುರುವಾಯಿತು. ದೇಶಕ್ಕೆ ಅದು ಮೊದಲನೆಯದು. ಹೋಬಳಿವಾರು ಮಳೆಯ ಲೆಕ್ಕ ಇಂದು ಕೈಬೆರಳ ತುದಿಯಲ್ಲಿ ಸಿಗುತ್ತದೆ. 2023ರ ಮುಂಗಾರು ಕೈಕೊಟ್ಟಾಗ ಸೆಪ್ಟೆಂಬರ್ 13ರಂದು ಮೊದಲ ಹಂತದಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಪಟ್ಟಿಗೆ ಸೇರಿದವು. 48 ಲಕ್ಷ ಹೆಕ್ಟೇರ್ ಬೆಳೆ ಹಾನಿ ಎಂದು ಅಂದಾಜಾಯಿತು. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರದ ತಂಡ ಅಕ್ಟೋಬರಿನಲ್ಲಿ ಬಂದು ಹೋಯಿತು. ಹಣ ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಯ ವಾರದಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ನಡುವೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ರೈತರಿಗೆ ಗರಿಷ್ಠ 2,000 ರೂಪಾಯಿವರೆಗೆ ಮೊದಲ ಕಂತು ಕೊಟ್ಟಿತ್ತು.

ಈ ತಾರೀಖುಗಳನ್ನು ವಿಜಯಪುರದ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಅದರ ಜಾನುವಾರು ಜಾತ್ರೆ ತೊರವಿಯ ಬಯಲಲ್ಲಿ ನೆರೆಯುತ್ತದೆ. ಈ ಜಿಲ್ಲೆಯ ರೈತ ಎತ್ತು ಇಟ್ಟುಕೊಳ್ಳುವುದೋ ಕೊಡುವುದೋ ಎಂದು ತೀರ್ಮಾನಿಸುವುದು ಅಲ್ಲಿ, ಜನವರಿಯ ನಡುವಿನಲ್ಲಿ. ದಿಲ್ಲಿಯ ಹಣ ಬಂದದ್ದು ಅದಾಗಿ ಮೂರು ತಿಂಗಳ ಮೇಲೆ. ಎರಡು ಸರ್ಕಾರಗಳಲ್ಲಿ ಯಾರದು ಸರಿ ಎಂಬ ವಾದ ಈ ವೇದಿಕೆಯದಲ್ಲ. ತೊರವಿಯ ಜಾತ್ರೆಗೆ ಮುಂಚೆ ಬಾರದ ಪರಿಹಾರದಿಂದ ಎತ್ತು ಉಳಿಯುವುದಿಲ್ಲ ಎಂಬುದು ಮಾತ್ರ ವಾದವಿಲ್ಲದ ಸಂಗತಿ.

ಮೊತ್ತವನ್ನೂ ನೋಡೋಣ. 2023ರ ಬರದ ಹೊತ್ತಿಗೆ ಇದ್ದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್ ಮಿತಿಯೊಳಗೆ. ಜಾನುವಾರು ಶಿಬಿರದಲ್ಲಿ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45.

ಬಹುವಾರ್ಷಿಕ ಬೆಳೆ ಎಂದರೆ ತಿಕೋಟಾದವರಿಗೆ ದ್ರಾಕ್ಷಿ. ಕರ್ನಾಟಕದಲ್ಲಿ ದ್ರಾಕ್ಷಿ ಎಂದರೆ ಮೊದಲು ವಿಜಯಪುರ ಜಿಲ್ಲೆ, ಜಿಲ್ಲೆಯಲ್ಲಿ ತಿಕೋಟಾ ಭಾಗ. ಬಾಬಾನಗರ, ಬಿಜ್ಜರಗಿ, ಕನಮಡಿ, ಹೊನವಾಡದ ಕಡೆ ಹೋದವರಿಗೆ ಚಪ್ಪರದ ಸಾಲುಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣುತ್ತವೆ. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವುದು: ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಹಣ್ಣು ಬರುವುದು ಅಕ್ಟೋಬರ್ ಚಾಟ್ನಿಯ ಮೇಲೆ. ಆದರೆ ಮುಂದಿನ ವರ್ಷದ ಗೊನೆ ಕಡ್ಡಿಯೊಳಗೆ ಕಣ್ಣಾಗಿ ಕೂರುವುದು ಏಪ್ರಿಲ್ ಚಾಟ್ನಿಯ ನಂತರದ ಒಂದೂವರೆ ಎರಡು ತಿಂಗಳಲ್ಲಿ. ಅಂದರೆ ಕೊಳವೆ ಬಾವಿಗಳೆಲ್ಲ ಕೈಚೆಲ್ಲುವ ಏಪ್ರಿಲ್, ಮೇ ತಿಂಗಳಲ್ಲಿ. ಆಗ ನೀರು ತಪ್ಪಿದರೆ ಮುಂದಿನ ವರ್ಷದ ಹಣ್ಣು ಹೋಯಿತು; ಬಳ್ಳಿಯೇ ಒಣಗಿದರೆ ಹೊಸ ಬಳ್ಳಿ ಫಸಲಿಗೆ ಬರಲು ಎರಡು ಮೂರು ವರ್ಷ. ಅದಕ್ಕೇ ರೈತರು ಸಾಲ ಮಾಡಿ ಟ್ಯಾಂಕರ್ ನೀರು ಕೊಂಡು, ಹೊಂಡಕ್ಕೆ ಸುರಿದು, ಹನಿ ಹನಿಯಾಗಿ ಬುಡಕ್ಕೆ ಬಿಡುತ್ತಾರೆ. ಎಕರೆಗೆ ಲಕ್ಷಗಟ್ಟಲೆ ಸುರಿದ ತೋಟಕ್ಕೆ ಹೆಕ್ಟೇರಿಗೆ 22,500 ರೂಪಾಯಿ ಪರಿಹಾರ ಎಂದರೆ ಕೆಲವು ವಾರಗಳ ಟ್ಯಾಂಕರ್ ಬಾಡಿಗೆಗೂ ಸಾಲದು. ಏಪ್ರಿಲ್‌ನಲ್ಲಿ ಕೆರೆಯಲ್ಲಿ ನೀರಿದ್ದರೆ ಆ 22,500 ಬೇಕಾಗುವುದೇ ಇಲ್ಲ ಎಂದು ರೈತರು ಹೇಳುವುದು ಸುಮ್ಮನೆ ಅಲ್ಲ.

ದ್ರಾಕ್ಷಿಯವನಿಗಾದರೂ ಪಹಣಿ ಇದೆ, ದನಿ ಇದೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರ ಗತಿ ಬೇರೆ. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಲಾವಣಿಗೆ ಅಂದರೆ ಗುತ್ತಿಗೆಗೆ, ಪಾಲಿಗೆ ಹೊಲ ಮಾಡಿದವರು ಬೀಜ, ಗೊಬ್ಬರ, ಬೆವರು ಕಳೆದುಕೊಂಡರೂ ಕಾಗದದಲ್ಲಿ ಅವರಿಲ್ಲ. ತಾಂಡಾದ ಕೂಲಿಕಾರ ಕುಟುಂಬಕ್ಕೆ ಉದ್ಯೋಗ ಖಾತ್ರಿಯೇ ಪರಿಹಾರ. 2005ರ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತ್ತು, ಬರದ ವರ್ಷ ಇನ್ನೂ 50 ದಿನ ಸೇರಿಸಲು ಅವಕಾಶ ಇಟ್ಟಿತ್ತು. ಕೂಲಿ ವಾರಗಟ್ಟಲೆ ತಡವಾದಾಗ ಜನ ಗೋವಾದ ಬಸ್ಸು ಹತ್ತುತ್ತಾರೆ. ಹಿಂದೆ ಉಳಿಯುವುದು ಅಜ್ಜ ಅಜ್ಜಿ, ಮಕ್ಕಳು. ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ ಬರಪೀಡಿತ ಪ್ರದೇಶಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯಬೇಕೆಂದು ಹೇಳಿತು. ಈ ಒಂದು ಆದೇಶ ಹಿಂದೆ ಉಳಿದ ಆ ಮಕ್ಕಳನ್ನು ಕಂಡಿತ್ತು. ಬರ ಪರಿಹಾರದ ಎಷ್ಟೋ ಆದೇಶಗಳಲ್ಲಿ ಹೃದಯಕ್ಕೆ ಹತ್ತಿರವಾದದ್ದು ಇದು.

ನೀರಿನ ಟ್ಯಾಂಕರಿನ ಮಾತು ಬಿಡುವಂತಿಲ್ಲ. ಬೇಸಿಗೆಯ ತಾಂಡಾದಲ್ಲಿ ಟ್ಯಾಂಕರ್ ಬರುವ ದಿನ ದಾರಿಯುದ್ದಕ್ಕೂ ನೀಲಿ ಡ್ರಮ್ಮುಗಳ ಸಾಲು. ಡ್ರಮ್ಮಿನ ಮೇಲೆ ಸುಣ್ಣದಲ್ಲಿ ಹೆಸರು. ಗಾಡಿಯ ಸದ್ದು ಕೇಳುತ್ತಲೇ ಪೈಪು ಹಿಡಿದು ಓಡುವ ಹುಡುಗರು. ಗಟ್ಟಿಮುಟ್ಟಾದವರ ಪೈಪು ಮೊದಲು ಒಳಗಿಳಿಯುತ್ತದೆ, ಒಬ್ಬಂಟಿ ಮುದುಕಿಯ ಡ್ರಮ್ಮು ಅರ್ಧಕ್ಕೇ ನಿಲ್ಲುತ್ತದೆ. ಹೊಲದ ವಸ್ತಿಗಳಿಗೆ ಗಾಡಿ ಹೋಗುವುದೇ ಇಲ್ಲ. ಜಗತ್ತಿನ ಪರಿಹಾರ ಸಂಸ್ಥೆಗಳು ಸೇರಿ ರೂಪಿಸಿಕೊಂಡ ಸ್ಫಿಯರ್ ಎಂಬ ಕೈಪಿಡಿ ಇದೆ. ನಿರಾಶ್ರಿತರ ಶಿಬಿರದಲ್ಲೂ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ನೀರಿನ ಜಾಗ ಮನೆಯಿಂದ 500 ಮೀಟರಿನೊಳಗೆ, ಸರದಿಯಲ್ಲಿ ಕಾಯುವುದು ಅರ್ಧ ಗಂಟೆ ಮೀರಬಾರದು ಎಂಬುದು ಅದರ ಅಳತೆ. ಯುದ್ಧದಿಂದ ಓಡಿ ಬಂದವರಿಗೆ ಹಾಕಿದ ಈ ಅಳತೆ ನಮ್ಮ ಎಷ್ಟು ತಾಂಡಾಗಳಲ್ಲಿ, ಎಷ್ಟು ಕೇರಿಗಳಲ್ಲಿ ಏಪ್ರಿಲ್ ತಿಂಗಳಿಗೆ ತೂಗುತ್ತದೆ ಎಂದು ಗ್ರಾಮ ಪಂಚಾಯಿತಿಗಳು ತಾವೇ ಲೆಕ್ಕ ಹಾಕಿ ಫಲಕದ ಮೇಲೆ ಬರೆಯಬಹುದು. ಅದಕ್ಕೆ ದುಡ್ಡು ಬೇಕಿಲ್ಲ.

ಇನ್ನು ಕೊನೆಯ ವಿಷಯ: ಬರವೂ ಕಲಹವೂ ಕೂಡಿದಾಗ.

ಈ ನಗರ ಅದನ್ನು ತನ್ನ ಕೋಟೆಯೊಳಗೇ ಅನುಭವಿಸಿದೆ. ಆದಿಲಶಾಹಿಗಳು ನೀರಿನ ವಿಷಯದಲ್ಲಿ ದೂರ ನೋಡಿದವರು. ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ಚಾಂದ್ ಬಾವಡಿ, ತಾಜ್ ಬಾವಡಿ, ಬೇಗಂ ತಲಾಬ್ ಕಟ್ಟಿಸಿದರು. ಬಬಲೇಶ್ವರ ಭಾಗದ ಮಮದಾಪುರದ ದೊಡ್ಡ ಕೆರೆ ಮಹಮ್ಮದ್ ಆದಿಲ್ ಶಾಹನ ಕಾಲದ್ದು. ಆದರೂ 1685ರಿಂದ 86ರ ಸೆಪ್ಟೆಂಬರಿನವರೆಗೆ ಔರಂಗಜೇಬನ ಮುತ್ತಿಗೆ ನಡೆದಾಗ ಮಳೆಯೂ ಕೈಕೊಟ್ಟಿತ್ತು. ಕೋಟೆಯ ಒಳಗೂ ಹೊರಗೂ ಹಸಿವು. ಹೊರಗಿನ ಮೊಗಲ್ ಸೈನ್ಯ ಹಸಿದಾಗ ಮೊಗಲ್ ಸೇನಾನಿ ಫಿರೋಜ್ ಜಂಗ್‌ನ ಪಡೆ ಧಾನ್ಯದ ಸಾಲು ಸಾಲು ಎತ್ತುಗಳೊಂದಿಗೆ ಬಂದು ಉಳಿಸಿತು. ಕೋಟೆಯೊಳಗಿನ ಜನಕ್ಕೆ, ಸುತ್ತಲ ಹಳ್ಳಿಗಳಿಗೆ ಅಂಥ ಸಾಲು ಬರಲಿಲ್ಲ. ಅಂದು ಧಾನ್ಯ ಯುದ್ಧದ ಆಯುಧವಾಗಿತ್ತು.

ಆ ಕಾಲ ಮುಗಿಯಿತು ಎನ್ನುವಂತಿಲ್ಲ. ಸೊಮಾಲಿಯಾದಲ್ಲಿ 2010ರಲ್ಲಿ ಮಳೆ ತಪ್ಪಿತು. ಎಚ್ಚರಿಕೆಯ ವರದಿಗಳು ತಿಂಗಳುಗಟ್ಟಲೆ ಮುಂಚೆಯೇ ಬಂದಿದ್ದವು. ದಕ್ಷಿಣ ಭಾಗ ಅಲ್-ಶಬಾಬ್ ಎಂಬ ಸಶಸ್ತ್ರ ಗುಂಪಿನ ಹಿಡಿತದಲ್ಲಿತ್ತು. ಅವರು ಹಲವು ಪರಿಹಾರ ಸಂಸ್ಥೆಗಳನ್ನು ಒಳಗೆ ಬಿಡಲಿಲ್ಲ, ಹೊರಗಿನ ದೇಶಗಳು ನೆರವು ಶತ್ರುವಿನ ಕೈ ಸೇರೀತೆಂದು ಹಿಂಜರಿದವು. ವಿಶ್ವಸಂಸ್ಥೆ ಕ್ಷಾಮ ಎಂದು ಘೋಷಿಸಿದ್ದು 2011ರ ಜುಲೈ 20ರಂದು. ಅಷ್ಟರಲ್ಲಿ ಬಹಳ ತಡವಾಗಿತ್ತು. ಸುಮಾರು 2.58 ಲಕ್ಷ ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. 2018ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸುವುದನ್ನು ಖಂಡಿಸಿ 2417ನೇ ನಿರ್ಣಯ ಅಂಗೀಕರಿಸಿತು.

ನಮ್ಮ ಗಡಿಯ ಜಗಳ ಆ ಬಗೆಯದಲ್ಲ, ಪುಣ್ಯಕ್ಕೆ. ಆದರೆ ಅದರಿಂದ ಕಲಿಯುವುದಿದೆ.

ಜತ್ತ ತಾಲ್ಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ತಿಕೋಟಾ ಭಾಗದವರಿಗೆ ಅಲ್ಲಿ ಬೀಗತನ, ಸಂತೆ, ದೇವರು ಎಲ್ಲ ಇವೆ. ಭೂಮಿ ಒಂದೇ, ಬರವೂ ಒಂದೇ. 2012ರ ಬರದಲ್ಲಿ ಅಲ್ಲಿನ ನಲವತ್ತರ ಆಸುಪಾಸಿನ ಹಳ್ಳಿಗಳು, ನೀರು ಕೊಡದಿದ್ದರೆ ಕರ್ನಾಟಕ ಸೇರುತ್ತೇವೆ ಎಂದು ಠರಾವು ಮಾಡಿದವು. ಅದೇ ದಶಕದಲ್ಲಿ ಈ ಕಡೆ ಚಿತ್ರ ಬದಲಾಗತೊಡಗಿತು. ಜಮಖಂಡಿ ತಾಲ್ಲೂಕಿನ ಕವಟಗಿ ಬಳಿ ಕೃಷ್ಣೆಯಿಂದ ನೀರೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ ಬಂತು: 6.3 ಟಿಎಂಸಿ ನೀರು, 52,700 ಹೆಕ್ಟೇರಿಗೆ. ಕೆರೆ ತುಂಬಿಸುವ ಕೆಲಸವೂ ನಡೆಯಿತು. ಮಮದಾಪುರದಂಥ ಹಳೆಯ ಕೆರೆಗಳಿಗೆ ಕೃಷ್ಣೆಯ ನೀರು ಬಂತು. ಕೃಷ್ಣೆಯ ನೀರು ಕುಡಿಯುವಾಗ ಆಲಮಟ್ಟಿಯ ಹಿನ್ನೀರಿಗೆ ಊರು ಕೊಟ್ಟ ಬಾಗಲಕೋಟೆಯವರನ್ನೂ ಕೊಲ್ಹಾರದವರನ್ನೂ ನೆನೆಯುವುದು ಧರ್ಮ.

2022ರ ನವೆಂಬರ್, ಡಿಸೆಂಬರಿನಲ್ಲಿ ಗಡಿ ವಿವಾದ ಮತ್ತೆ ಭುಗಿಲೆದ್ದಿತು. ಜತ್ತದ ಹಳೆಯ ಠರಾವಿನ ಮಾತನ್ನು ಕರ್ನಾಟಕದ ಮುಖ್ಯಮಂತ್ರಿಗಳು ಎತ್ತಿದರು, ಮಹಾರಾಷ್ಟ್ರದ ನಾಯಕರು ಒಂದು ಹಳ್ಳಿಯನ್ನೂ ಬಿಡೆವು ಎಂದರು. ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಲಾರಿಗಳ ಮೇಲೆ ಕಲ್ಲು ಬಿದ್ದವು, ಬಸ್ಸುಗಳು ನಿಂತವು. ಡಿಸೆಂಬರ್ 14ಕ್ಕೆ ಕೇಂದ್ರ ಗೃಹ ಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನು ದಿಲ್ಲಿಗೆ ಕರೆಸಿದರು. ಇದೇ ದಿನಗಳಲ್ಲಿ ಇನ್ನೊಂದು ಕೆಲಸವೂ ಆಯಿತು: ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಜತ್ತ ತಾಲ್ಲೂಕಿನ ತಿಕ್ಕುಂಡಿಯ ಕೆರೆಗೆ ಹರಿಯಿತು. ಆ ಬಿಡುಗಡೆಯಲ್ಲಿ ರಾಜಕೀಯ ಇರಲಿಲ್ಲ ಎಂದು ಯಾರೂ ಹೇಳಲಾರರು. ಮಹಾರಾಷ್ಟ್ರವೂ ತಡಮಾಡದೆ ಜತ್ತಕ್ಕೆ ಮ್ಹೈಸಾಳ ಏತ ನೀರಾವರಿ ಯೋಜನೆಯ ವಿಸ್ತರಣೆಗೆ ಒಪ್ಪಿಗೆ ಕೊಟ್ಟಿತು. ಪೈಪೋಟಿಯಿಂದಲೇ ಆಗಲಿ, ಕೆರೆ ತುಂಬಿದ ಊರಿನ ದನಕರುಗಳಿಗೆ ಅದು ನೀರೇ. ಡೋಣಿಯ ಮೇಲಿನ ಊರುಗಳಿಂದ ಕೆಳಗೆ ಹರಿದು ಬರುವ ನೀರು ಈ ಬಾರಿ ಕೆಳಗಿನಿಂದ ಮೇಲಕ್ಕೆ ಹೋಗಿತ್ತು.

ಮರುವರ್ಷ ಸರದಿ ನಮ್ಮದಾಯಿತು. 2023ರ ಮೇ ಕೊನೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರಕ್ಕೆ ಪತ್ರ ಬರೆದರು: ವಾರಣಾ ಅಥವಾ ಕೊಯ್ನಾ ಜಲಾಶಯದಿಂದ ಕೃಷ್ಣೆಗೆ 2 ಟಿಎಂಸಿ, ಉಜ್ಜನಿ ಜಲಾಶಯದಿಂದ ಭೀಮೆಗೆ 3 ಟಿಎಂಸಿ ಕುಡಿಯುವ ನೀರು ಬಿಡಿ ಎಂದು. ವಿಜಯಪುರವೂ ಆ ನೀರಿಗೆ ಕಾದ ಜಿಲ್ಲೆಗಳಲ್ಲಿ ಒಂದು. ಇಂಥ ಪತ್ರ ಬರದ ಬೇಸಿಗೆಗಳಲ್ಲಿ ಮತ್ತೆ ಮತ್ತೆ ಹೋಗುತ್ತದೆ. ಬೇಸಿಗೆಯಲ್ಲಿ ಅವರು ಕೊಯ್ನಾದಿಂದ ಬಿಡುವುದು, ಬದಲಿಗೆ ಇವರು ಜತ್ತ, ಅಕ್ಕಲಕೋಟೆ ಭಾಗಕ್ಕೆ ಕೊಡುವುದು ಎಂಬ ವಿನಿಮಯದ ಪ್ರಸ್ತಾಪವೂ ಹಳೆಯದೇ. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ಐದು ಲಕ್ಷ ಲೀಟರ್ ನೀರು ಹೊತ್ತ ರೈಲು ಹೋದದ್ದನ್ನು ಇಡೀ ದೇಶ ನೋಡಿತು. ರೈಲು ಹೊರಡಿಸುವ ಸ್ಥಿತಿಗೆ ಬರುವ ಮುಂಚೆ ನದಿಯಲ್ಲೇ ಬಿಡಬಹುದಾದ ನೀರಿಗೆ ಒಂದು ಕರಾರು ಬೇಕು.

ಈ ವಿನಿಮಯ ಬೇಸಿಗೆಯ ಮಧ್ಯೆ ಬರೆಯುವ ಪತ್ರದ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯಬಾರದು. ಅಕ್ಟೋಬರ್ ಕೊನೆಗೆ ಜಲಾಶಯಗಳಲ್ಲಿ ಎಷ್ಟಿದೆ ಎಂದು ಎರಡೂ ರಾಜ್ಯಗಳಿಗೆ ಗೊತ್ತಿರುತ್ತದೆ. ಹಸ್ತ ಮಳೆ ಬಿತ್ತೋ ಇಲ್ಲವೋ ಎಂಬುದು ಹೋಬಳಿವಾರು ತಿಳಿದಿರುತ್ತದೆ. ಆಗಲೇ ಕೂತು, ಮಾರ್ಚ್ ಒಂದರಿಂದ ಯಾರು ಎಷ್ಟು ಬಿಡಬೇಕು ಎಂದು ಬರೆದುಕೊಂಡರೆ ತಿಕೋಟಾದ ರೈತ ಏಪ್ರಿಲ್ ಚಾಟ್ನಿಗೆ ಕೈ ಹಾಕುವುದೋ ಬೇಡವೋ ಎಂದು ಧೈರ್ಯವಾಗಿ ತೀರ್ಮಾನಿಸಬಲ್ಲ. ಅದೇ ನವೆಂಬರಿನಲ್ಲಿ ನೀರಿರುವ ಕಡೆ ಮೇವು ಬಿತ್ತಿಸಿ, ಮೇವಿನ ಬ್ಯಾಂಕನ್ನು ಸಿದ್ಧೇಶ್ವರ ಜಾತ್ರೆಗೆ ಮೊದಲು ತೆರೆಯಬಹುದು. ಲಾವಣಿ ರೈತರ ಪಟ್ಟಿಯನ್ನು ಗ್ರಾಮಸಭೆ ಆ ತಿಂಗಳಲ್ಲೇ ಮಾಡಬಹುದು. ಇವು ಮೂರೂ ಜಿಲ್ಲೆಯ, ರಾಜ್ಯದ ಅಧಿಕಾರದೊಳಗಿನ ಕೆಲಸಗಳು. ದಿಲ್ಲಿಯ ತಂಡಕ್ಕೆ ಕಾಯಬೇಕಾದವಲ್ಲ.

ಈ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೊನೆಯ ಒಂದು ಕೋರಿಕೆ. 1877ರಲ್ಲಿ ಪುಣೆಯ ಸಾರ್ವಜನಿಕ ಸಭೆ ಮಾಡಿದ ಕೆಲಸವನ್ನು ನೀವು ಮಾಡಬಹುದು. ಮುಂದಿನ ಬರದ ವರ್ಷ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ಟ್ಯಾಂಕರ್ ಯಾವ ದಿನ ಬಂತು, ಯಾವ ಕೇರಿಗೆ ಬರಲಿಲ್ಲ, ಮೇವಿನ ಬ್ಯಾಂಕ್ ಯಾವಾಗ ತೆರೆಯಿತು, ಪರಿಹಾರ ಯಾವ ತಾರೀಖಿಗೆ ಖಾತೆಗೆ ಬಿತ್ತು, ಎತ್ತು ಯಾವ ಸಂತೆಯಲ್ಲಿ ಎಷ್ಟಕ್ಕೆ ಹೋಯಿತು ಎಂದು ತಾರೀಖು ಸಮೇತ ಬರೆದಿಡಿ. ಗಡಿಯಾಚೆಯ ಜತ್ತದ ಕಾಲೇಜಿನ ಹುಡುಗರನ್ನೂ ಜೊತೆಗೆ ಕರೆದುಕೊಳ್ಳಿ. ಅವರ ಕೈಯಲ್ಲಿ ಮರಾಠಿಯ ಪಹಣಿ ಇರುತ್ತದೆ, ಮಾತು ನಿಮ್ಮದೇ. ಆ ದಾಖಲೆಯನ್ನು ಎರಡೂ ಜಿಲ್ಲಾಧಿಕಾರಿಗಳ ಮೇಜಿಗೆ ಒಂದೇ ದಿನ ಮುಟ್ಟಿಸಿ.